ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಪಾಠ ಒಪ್ಪಿಸಲಾರದ ಹುಡುಗನು ಪುಸ್ತಕದ ಅಚ್ಚು ಮಾಸಿದೆಯೆಂದಾಗಲೂ, ದಾವೆಯಲ್ಲಿ ಸೋತ ವಕೀಲನು ಸಾಕ್ಷಿ ಕೆಟ್ಟನೆಂದಾಗಲೂ, ಮನೆಯ ಹಿರಿಯರ ಬಾಯಿಂದ ಈ ಮಾತು ತಾನಾಗಿ ಹೊರಡುವುದು. ಎದುರಿಗಿದ್ದವನು ಒಡನೆ ತಲೆ ತಗ್ಗಿಸುವನು. ಗಾದೆಗೆ ಅಷ್ಟು ಅಧಿಕಾರವಿದೆ. ಆದರೆ ಈ ವ್ಯಾಜ್ಯದಲ್ಲಿ ಒಂದು ಕೊರತೆಯುಂಟು. ತೀರ್ಪು ನೆಲದ ಪರವಾಗಿ ಆಯಿತು. ಕುಣಿಯುವವಳ ಅಹವಾಲನ್ನು ಯಾರೂ ವಿಚಾರಿಸಲಿಲ್ಲ. ಒಬ್ಬರಾದರೂ ಬಗ್ಗಿ, ನೆಲದ ಮೇಲೆ ಕೈಯಾಡಿಸಿ, ಅದು ನಿಜವಾಗಿಯೂ ಡೊಂಕಾಗಿದೆಯೇ ಎಂದು ನೋಡಿದಂತೆ ಕಾಣುವುದಿಲ್ಲ.

ನೋಡಿದವನು ಒಬ್ಬನುಂಟು. ಅವನು ಭರತಮುನಿ. ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ, ದೇವತೆಗಳ ಎದುರಿನಲ್ಲಿ ನಡೆದ ಪ್ರಥಮ ಪ್ರಯೋಗಕ್ಕೆ ವಿಘ್ನಗಳು ಬಂದು ನಟರ ಮಾತು, ಚಲನೆ, ನೆನಪುಗಳು ಸ್ತಂಭಿತವಾದ ಕಥೆ ಬರುತ್ತದೆ. ಆಗ ಬ್ರಹ್ಮನು ನಟರನ್ನು ಗದರಿಸಲಿಲ್ಲ. ನಿಮಗೆ ವಿದ್ಯೆ ಸಾಲದು ಎನ್ನಲಿಲ್ಲ. ವಿಶ್ವಕರ್ಮನನ್ನು ಕರೆದು, ಇವರಿಗೆ ಒಂದು ಮನೆಯನ್ನು ಕಟ್ಟಿಕೊಡು ಎಂದನು. ಎರಡನೆಯ ಅಧ್ಯಾಯವೆಲ್ಲ ಆ ಮನೆಯ ಲಕ್ಷಣವೇ. ಮನುಷ್ಯರ ನಾಟ್ಯಮಂಟಪಕ್ಕೆ 64 ಮೊಳ ಉದ್ದ, 32 ಮೊಳ ಅಗಲ ಸಾಕು. ಅದಕ್ಕಿಂತ ದೊಡ್ಡದಾದರೆ ಮಾತು ಕಿವಿಗೆ ಸ್ಪಷ್ಟವಾಗದು, ಮುಖದ ಭಾವ ಕಣ್ಣಿಗೆ ಕಾಣದು. ಕಿಟಕಿಗಳು ಚಿಕ್ಕವಾಗಿರಲಿ, ಮಂಟಪವು ಪರ್ವತದ ಗುಹೆಯಂತಿರಲಿ, ಆಗ ಸ್ವರವು ಗಂಭೀರವಾಗಿ ನಿಲ್ಲುವುದು. ಇಷ್ಟೆಲ್ಲ ಹೇಳಿದ ಮೇಲೆ ಮುನಿಯು ನೆಲಕ್ಕೆ ಬರುತ್ತಾನೆ. ಭೂಮಿಯನ್ನು ನೇಗಿಲಿನಿಂದ ಉತ್ತು, ಎಲುಬು, ಮೊಳೆ, ಹುಲ್ಲುಗಳನ್ನು ಆಯ್ದು ತೆಗೆಯಬೇಕು. ರಂಗಶೀರ್ಷದ ಮೇಲ್ಮೈ ಆಮೆಯ ಬೆನ್ನಿನಂತೆ ಉಬ್ಬಿರಕೂಡದು, ಮೀನಿನ ಬೆನ್ನಿನಂತೆ ಏಣಾಗಿರಕೂಡದು. ಶುದ್ಧವಾದ ಕನ್ನಡಿಯ ಮೈಯಂತೆ ಸಮವಾಗಿರಬೇಕು. ಎಂದ ಮೇಲೆ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನೆಲ ಡೊಂಕೆಂದು ಹೇಳಿಕೊಂಡವರಿದ್ದರು, ಅವರ ಮಾತನ್ನು ಶಾಸ್ತ್ರಕಾರನು ಲಕ್ಷಿಸಿದನು ಎಂದು ತಿಳಿಯಬೇಕಾಗಿದೆ.

ಬಳ್ಳಾರಿಯ ಪಾರ್ವತಿನಗರದಂತಹ ಬಡಾವಣೆಗಳಲ್ಲಿ ಸಾಯಂಕಾಲ ಸಂಚರಿಸುವವರಿಗೆ ಯಾವುದೋ ಮನೆಯ ಮಹಡಿಯಿಂದ ತಟ್ಟುಕೋಲಿನ ಸದ್ದು ಕೇಳಿಬರುವುದು ಅಪೂರ್ವವಲ್ಲ. ಇಂದಿನ ಕರ್ನಾಟಕದ ಊರೂರುಗಳಲ್ಲಿ ನೃತ್ಯಶಾಲೆಯೆಂದರೆ ಬಹುಮಟ್ಟಿಗೆ ಇದೇ: ಬಾಡಿಗೆಯ ಒಂದು ಕೊಠಡಿ, ಗೋಡೆಗೆ ಆನಿಸಿದ ನಟರಾಜನ ಮೂರ್ತಿ, ಬಾಗಿಲ ಹೊರಗೆ ಹತ್ತಿಪ್ಪತ್ತು ಜೊತೆ ಪುಟ್ಟ ಚಪ್ಪಲಿಗಳು. ಒಳಗೆ ಮಕ್ಕಳು ತಟ್ಟಡವು ಹಾಕುತ್ತಿದ್ದರೆ ಕೆಳಗಿನ ಮನೆಯವರ ಮಾಡಿನಿಂದ ಸುಣ್ಣದ ಹಕ್ಕಳೆ ಉದುರುವುದು. ಅವರು ಸಜ್ಜನರಾದರೆ ಆರು ತಿಂಗಳು ತಾಳುವರು; ಸಾಮಾನ್ಯರಾದರೆ ಒಂದು ತಿಂಗಳು. ಆಮೇಲೆ ಅಧ್ಯಾಪಿಕೆಯು ಮೂರ್ತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಇನ್ನೊಂದು ಬೀದಿಯಲ್ಲಿ ಬಾಡಿಗೆಯ ಹಲಗೆ ಹುಡುಕಬೇಕು. ಸಂಗೀತದವನಿಗೆ ಈ ಕಷ್ಟ ಅಷ್ಟಿಲ್ಲ. ಅವನ ತಂಬೂರಿಯು ಯಾರ ತಲೆಯ ಮೇಲೂ ಸುಣ್ಣ ಉದುರಿಸದು. ಚಿತ್ರಕಾರನಿಗೆ ಒಂದು ಕಿಟಕಿ ಸಾಕು. ನೃತ್ಯವೊಂದಕ್ಕೆ ಮಾತ್ರ ನೆಲವೇ ವಾದ್ಯ. ಇತರರ ನೆಲವನ್ನು ಬಡಿದು ಕಲಿಯಬೇಕಾದ ವಿದ್ಯೆಯು ಎಂದಿಗೂ ಪರಾಧೀನವೇ ಸರಿ.

ಆ ನೆಲವಾದರೂ ಎಂತಹದು? ಹೊಸ ಮನೆಗಳಲ್ಲಿ ಕಾಂಕ್ರೀಟಿನ ಮೇಲೆ ಹಾಸಿದ ನುಣುಪು ಕಲ್ಲು. ನೋಡಲು ಕನ್ನಡಿ, ಕಾಲಿಗೆ ಬಂಡೆ. ಭರತನಾಟ್ಯದಲ್ಲಿ ಮೊಣಕಾಲುಗಳನ್ನು ಹೊರಕ್ಕೆ ಬಾಗಿಸಿ ಅರೆಮಂಡಿಯಲ್ಲಿ ನಿಂತು, ಇಡೀ ಅಂಗಾಲನ್ನು ನೆಲಕ್ಕೆ ಹೊಡೆಯಬೇಕು. ಒಂದು ಪಾಠದಲ್ಲಿ ಇಂತಹ ಹೊಡೆತಗಳು ನೂರಾರು. ಬಗ್ಗದ ನೆಲವು ಆ ಹೊಡೆತವನ್ನು ತಾನು ಇಟ್ಟುಕೊಳ್ಳದೆ ಹಿಮ್ಮಡಿ, ಮುಂಗಾಲಿನ ಎಲುಬು, ಮೊಣಕಾಲುಗಳಿಗೆ ಹಿಂದಿರುಗಿಸುತ್ತದೆ. ಹನ್ನೆರಡು ವರ್ಷದ ಹುಡುಗಿಗೆ ಅದು ಕೂಡಲೆ ತಿಳಿಯದು. ಎಳೆಯ ಮೈ ಸಾಲವನ್ನು ಧಾರಾಳವಾಗಿ ಕೊಡುತ್ತದೆ. ಬಡ್ಡಿ ಸೇರಿಸಿ ವಸೂಲು ಮಾಡುವುದು ಮುಂದೆ. ಆಗ ಅವಳು ನೋವೆಂದರೆ ಗಾದೆ ಸಿದ್ಧವಾಗಿಯೇ ಇದೆ.

ಪಾಶ್ಚಾತ್ಯರ ಬ್ಯಾಲೆ ಎಂಬ ನೃತ್ಯಪದ್ಧತಿಯಲ್ಲಿಯೂ ಮೊಣಕಾಲನ್ನು ಹೊರಕ್ಕೆ ಬಾಗಿಸುವ ಅಭ್ಯಾಸವೇ ಮೊದಲನೆಯ ಪಾಠ. ಅಲ್ಲಿ ಹಾರಿ ಇಳಿಯುವುದು ಹೆಚ್ಚು; ಆದಕಾರಣ ಅವರು ನೆಲದ ವಿಷಯದಲ್ಲಿ ಬಹಳ ಎಚ್ಚರಿಕೆಯುಳ್ಳವರು. ಅಡ್ಡಡ್ಡಲಾಗಿ ಜೋಡಿಸಿದ ಮರದ ಪಟ್ಟಿಗಳ ಮೇಲೆ ಹಲಗೆಯನ್ನು ಹಾಸಿ, ಅಡಿಯಲ್ಲಿ ಗಾಳಿಗೆ ಎಡೆ ಬಿಟ್ಟು, ಕಾಲಿಟ್ಟರೆ ಕೂದಲೆಳೆಯಷ್ಟು ತಗ್ಗಿ ಮತ್ತೆ ಏಳುವಂತೆ ನೆಲವನ್ನು ಮಾಡುತ್ತಾರೆ. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಪ್ರಸಿದ್ಧ ನೃತ್ಯಶಾಲೆಯು 1738ರಲ್ಲಿ ಹನ್ನೆರಡು ಹುಡುಗರು ಹನ್ನೆರಡು ಹುಡುಗಿಯರೊಡನೆ ಅರಮನೆಯ ಕೊಠಡಿಗಳಲ್ಲಿ ಆರಂಭವಾಯಿತು. ಈಗಿರುವ ಬೀದಿಯ ಕಟ್ಟಡಕ್ಕೆ ಅದು ಬಂದುದು 1836ರಲ್ಲಿ. ಸಾಮ್ರಾಜ್ಯದ ಬೊಕ್ಕಸವೇ ಬೆನ್ನಿಗಿದ್ದ ಶಾಲೆಗೆ ತಕ್ಕ ಮನೆ ಸಿಕ್ಕಲು ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತೆಂದರೆ, ಬಾಡಿಗೆ ಕೊಠಡಿಯ ಅಧ್ಯಾಪಿಕೆಯು ಎದೆಗುಂದಬೇಕಾದುದಿಲ್ಲ.

ನೃತ್ಯಶಾಲೆಯ ಮನೆಯೆಂಬುದು ವಿದೇಶದಿಂದ ಬಂದ ಕಲ್ಪನೆಯೆಂದು ಭಾವಿಸುವವರು ಬಳ್ಳಾರಿಯಿಂದ ಬಹುದೂರ ಹೋಗಬೇಕಾದುದಿಲ್ಲ. 2021ರವರೆಗೆ ಇದೇ ಜಿಲ್ಲೆಗೆ ಸೇರಿದ್ದು, ಈಗ ವಿಜಯನಗರ ಜಿಲ್ಲೆಯಲ್ಲಿರುವ ಹಂಪೆಯ ಅರಮನೆಯಲ್ಲಿ ಅಂತಹ ಮನೆಯೊಂದಿತ್ತು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ ಅಲ್ಲಿಗೆ ಬಂದ ಪೋರ್ತುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಅದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಉದ್ದವಾಗಿ, ಹೆಚ್ಚು ಅಗಲವಿಲ್ಲದೆ ಇದ್ದ ಆ ಶಾಲೆಯ ಕಂಬಗಳ ಮೇಲೆಲ್ಲ ಕಲ್ಲಿನ ಕೆತ್ತನೆ. ಒಂದೊಂದು ಫಲಕದಲ್ಲಿಯೂ ಒಂದೊಂದು ನೃತ್ಯವು ಮುಗಿಯುವಾಗ ನಿಲ್ಲಬೇಕಾದ ಭಂಗಿಯನ್ನು ತೋರಿಸಿದ್ದರು. ಕಲಿಯುವವಳು ಕೊನೆಯ ನಿಲುವನ್ನು ಮರೆತರೆ ಆ ಫಲಕದ ಕಡೆಗೆ ಒಮ್ಮೆ ನೋಡಿದರೆ ಸಾಕು. ಶಾಲೆಯ ಒಂದು ಕೊನೆಯಲ್ಲಿ ಬಣ್ಣ ಹಚ್ಚಿದ ಒಂದು ಗೂಡು. ಅಲ್ಲಿ ಸ್ತ್ರೀಯರು ಕೈಯಿಂದ ಹಿಡಿದು ಜೋತು, ಮೈಯನ್ನೂ ಕಾಲುಗಳನ್ನೂ ಸೆಳೆದು ಸಡಿಲಗೊಳಿಸಿಕೊಳ್ಳುತ್ತಿದ್ದರು. ಇನ್ನೊಂದು ಕೊನೆಯಲ್ಲಿ ಅರಸನು ಕುಳಿತು ನೋಡುವ ಸ್ಥಳ. ಅಲ್ಲಿ ನೆಲಕ್ಕೂ ಗೋಡೆಗೂ ಚಿನ್ನದ ಹೊದಿಕೆ. ಇಂದು ಬ್ಯಾಲೆ ಶಾಲೆಗಳ ಗೋಡೆಯುದ್ದಕ್ಕೂ ಇರುವ ಹಿಡಿಗೋಲನ್ನು ನೋಡಿ ಬೆರಗಾಗುವವರು, ಅದರ ಕೆಲಸವನ್ನೇ ಮಾಡುವ ಒಂದು ಗೂಡು ಐನೂರು ವರ್ಷಗಳ ಹಿಂದೆ ತುಂಗಭದ್ರೆಯ ದಡದಲ್ಲಿತ್ತೆಂಬುದನ್ನು ನೆನೆಯಬಹುದು.

ಆ ಶಾಲೆಯಲ್ಲಿ ಕುಂದೆನ್ನಬಹುದಾದುದು ಏನಿತ್ತು? ಶಿಲ್ಪದಲ್ಲಿ ಇಲ್ಲ, ಉಪಕರಣದಲ್ಲಿ ಇಲ್ಲ. ಕುಂದು ಬೇರೆ ಕಡೆಯಲ್ಲಿತ್ತು. ಚಿನ್ನವು ನೋಡುವವನ ಕಡೆಗೆ ಇತ್ತು. ಕಲಿತವರು ಅಂತಃಪುರದ ಸ್ತ್ರೀಯರು. ಅವರ ವಿದ್ಯೆಗೆ ಒಬ್ಬನೇ ಪ್ರೇಕ್ಷಕನು, ಒಬ್ಬನೇ ಪೋಷಕನು. 1565ರಲ್ಲಿ ಸಾಮ್ರಾಜ್ಯ ಮುರಿದಾಗ ಅವನ ಪೀಳಿಗೆಯೊಡನೆ ಶಾಲೆಯೂ ಹೋಯಿತು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ನರ್ತಕಿಯರು ಇನ್ನೂ ಕುಣಿಯುತ್ತಿರುವರು. ಅವರಿಗೆ ಪಾಠವಾದ ಮನೆಯ ವರ್ಣನೆಯು ಪರದೇಶಿಯೊಬ್ಬನ ಬರವಣಿಗೆಯಲ್ಲಿ ಮಾತ್ರ ನಿಂತಿದೆ. ಒಬ್ಬನು ಕಟ್ಟಿಸಿದ ಮನೆಯು ಅವನ ಛತ್ರಿಯಷ್ಟೇ ಅಗಲ. ಛತ್ರಿ ಮುಚ್ಚಿದ ದಿನ ಮಳೆ ಒಳಗೆ ಬರುವುದು.

ಆಮೇಲಿನ ಶತಮಾನಗಳಲ್ಲಿ ನರ್ತಕಿಯ ಪಾಡು ಇನ್ನೂ ಇಳಿಯಿತು. ದೇವಾಲಯಗಳಿಗೆ ಹುಡುಗಿಯರನ್ನು ಒಪ್ಪಿಸುವ ಪದ್ಧತಿಯು ಕಲೆಯನ್ನು ಉಳಿಸಿತೆಂಬುದು ಒಂದು ಮಾತು. ಆ ಹುಡುಗಿಯರ ಬಾಳನ್ನು ಬಲಿ ತೆಗೆದುಕೊಂಡಿತೆಂಬುದು ಇನ್ನೊಂದು ಮಾತು. ಎರಡೂ ನಿಜ. ಮದರಾಸು ಪ್ರಾಂತದಲ್ಲಿ ಆ ಪದ್ಧತಿಯನ್ನು ನಿಷೇಧಿಸುವ ಶಾಸನವು 1947ರಲ್ಲಿ ಆಯಿತು. ಬಳ್ಳಾರಿಯು ಆಗ ಆ ಪ್ರಾಂತದಲ್ಲಿಯೇ ಇದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹೀಗೆ ಗುಡಿಯ ನೆಲವೂ ಅರಮನೆಯ ನೆಲವೂ ತಪ್ಪಿದ ಮೇಲೆ ನೃತ್ಯವು ಗೃಹಸ್ಥರ ನೆಲವನ್ನು ಕೇಳಿಕೊಂಡು ಬಂತು. ಅದು ಮಾನದಿಂದ ಬಂತು. ಆದರೆ ಮನೆಯಿಲ್ಲದೆ ಬಂತು.

ಬಳ್ಳಾರಿಯ ಊರು ರಂಗಕಲೆಯನ್ನು ಅರಿಯದ ಊರಲ್ಲ. ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸವಿನೋದಿನೀ ಸಭೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ, ಎರಡೂ ಈ ಊರಿನವು, ಸಭಾನಾಯಕರಿಬ್ಬರೂ ವಕೀಲರು. ಹಗಲು ಕೋರ್ಟಿನಲ್ಲಿ ಎದುರುಬದುರಾಗಿ ವಾದಿಸಬಲ್ಲವರು ರಾತ್ರಿ ರಂಗದ ಮೇಲೆ ಪುರಾಣವನ್ನೂ ಇತಿಹಾಸವನ್ನೂ ಬದುಕಿಸಿದರು. ಹಂಪೆಯ ಪತನವನ್ನೇ ಕೋಲಾಚಲಂ ಅವರು ತೆಲುಗಿನಲ್ಲಿ ನಾಟಕ ಮಾಡಿದರು. ರಾಮಕೃಷ್ಣಮಾಚಾರ್ಯರ ಸೋದರಳಿಯ ಬಳ್ಳಾರಿ ರಾಘವರು, 1880ರಿಂದ 1946ರವರೆಗೆ ಬಾಳಿದ ಮಹಾನಟರು, ಅವರೂ ವಕೀಲರೇ. ಕನ್ನಡ, ತೆಲುಗು, ಇಂಗ್ಲಿಷ್, ಹಿಂದಿಗಳಲ್ಲಿ ಅಭಿನಯಿಸಿದ ಅವರು ನಾಟಕವನ್ನು ಹೊಟ್ಟೆಪಾಡಿನ ವೃತ್ತಿಯಾಗಿ ಹಿಡಿಯಲಿಲ್ಲ. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು, ಹಾಗೆಂದರೆ ಸಭ್ಯರು ಮುಖ ತಿರುಗಿಸುತ್ತಿದ್ದ ಕಾಲದಲ್ಲಿ, ಹಟ ಹಿಡಿದು ನಡೆಸಿದವರು. ಅವರ ಹೆಸರಿನ ರಾಘವ ಕಲಾಮಂದಿರವು ಇಂದು ಊರಿನಲ್ಲಿದೆ. ವ್ಯಕ್ತಿಯು ಹೋದ ಮೇಲೆ ಅವನ ಹೆಸರಿನಲ್ಲಿ ಮನೆಯೆದ್ದಿತು. ಇದು ಲೋಕಕ್ರಮ. ಜೀವಂತವಾಗಿ ಕಲಿಯುತ್ತಿರುವ ಮಕ್ಕಳಿಗೆ, ಇನ್ನೂ ಯಾವ ಹೆಸರೂ ಇಲ್ಲದ ಕಾಲುಗಳಿಗೆ ಮನೆ ಮಾಡಿಕೊಡುವುದು ಅದಕ್ಕಿಂತ ಕಠಿಣ.

ಈ ಕಠಿಣವನ್ನು ಕೆಲವರು ಸಾಧಿಸಿ ತೋರಿಸಿದ್ದಾರೆ. ರುಕ್ಮಿಣೀದೇವಿ ಅರುಂಡೇಲರು 1935ರ ಡಿಸೆಂಬರಿನಲ್ಲಿ ಮದರಾಸಿನ ಅಡ್ಯಾರಿನಲ್ಲಿ ಮೊದಲ ಬಾರಿ ಸಾರ್ವಜನಿಕವಾಗಿ ನರ್ತಿಸಿದಾಗ ಅದು ಕುಲೀನ ಸಮಾಜಕ್ಕೆ ಸಿಡಿಲೆರಗಿದಂತಾಗಿತ್ತು. ಅದಕ್ಕೆ ಮೊದಲು ರಷ್ಯದ ಅನ್ನಾ ಪಾವ್ಲೊವಾಳ ಪರಿಚಯದಿಂದ ಅವರು ಬ್ಯಾಲೆಯನ್ನು ಅಭ್ಯಾಸ ಮಾಡಿದ್ದರು. ನಿನ್ನ ನಾಡಿನ ನೃತ್ಯವನ್ನು ನೋಡು ಎಂಬ ಪ್ರೇರಣೆಯೂ ಆ ವಿದೇಶಿ ನರ್ತಕಿಯಿಂದಲೇ ಬಂತು. 1936ರಲ್ಲಿ ಅಡ್ಯಾರಿನ ಮರಗಳ ನೆರಳಿನಲ್ಲಿ, ಬೆರಳಲ್ಲಿ ಎಣಿಸುವಷ್ಟು ವಿದ್ಯಾರ್ಥಿಗಳೊಡನೆ ಹುಟ್ಟಿದ ಶಾಲೆಯೇ ಮುಂದೆ ಕಲಾಕ್ಷೇತ್ರವೆನಿಸಿತು. ಆದರೆ ನೆರಳು ಪರರದಾಗಿತ್ತು. ಪತಿಯಾದ ಡಾಕ್ಟರ್ ಅರುಂಡೇಲರು 1945ರಲ್ಲಿ ತೀರಿಕೊಂಡ ಮೇಲೆ ಶಾಲೆಯು ಆ ತೋಟವನ್ನು ಬಿಡಬೇಕಾಯಿತು. ತಿರುವಾನ್ಮಿಯೂರಿನ ಕಡಲ ಬದಿಯಲ್ಲಿ ಸುಮಾರು 100 ಎಕರೆ ಮರಳುಭೂಮಿ ದೊರೆಯಿತು. ಅಲ್ಲಿಗೆ ಪೂರ್ಣವಾಗಿ ನೆಲೆಯೂರುವಷ್ಟರಲ್ಲಿ 1962 ಬಂದಿತ್ತು. ಇಂದು ಅಲ್ಲಿ ಕಾಡಿನಂತೆ ಬೆಳೆದು ನಿಂತಿರುವ ಮರಗಳು ಆ ಮರಳಿನಲ್ಲಿ ನೀರೆರೆದು ಸಾಕಿದವು. ಮೊದಲನೆಯ ಮನೆ ಕಳೆದುಹೋದುದೇ ಎರಡನೆಯದು ಹುಟ್ಟಲು ಕಾರಣವಾಯಿತು.

ಕೇರಳದಲ್ಲಿ ಮಹಾಕವಿ ವಳ್ಳತ್ತೋಳರು ಮುಕುಂದರಾಜರೊಡನೆ ಕೂಡಿ, ಕಥಕಳಿಯ ಶಾಲೆಗಾಗಿ ಮನೆಮನೆ ತಿರುಗಿದರು. ಸಾಲದೆ ಬಂದಾಗ ಲಾಟರಿಯನ್ನು ಏರ್ಪಡಿಸಿದರು. 1930ರಲ್ಲಿ ಕಲಾಮಂಡಲವು ಆರಂಭವಾಯಿತು. ಬಳಿಕ ಭಾರತಪ್ಪುಳೆಯ ದಡದ ಚೆರುತುರುತ್ತಿಯಲ್ಲಿ ನೆಲೆ ಕಂಡಿತು. ಕವಿಯೊಬ್ಬನು ಚೀಟಿ ಮಾರುವುದು ಘನತೆಗೆ ಕುಂದೆಂದು ಅಂದಿನ ರಸಿಕರಲ್ಲಿ ಕೆಲವರಾದರೂ ಗೊಣಗಿರಬೇಕು. ಗೊಣಗಿದವರ ಕಾವ್ಯಾಭಿರುಚಿಯನ್ನು ಯಾರೂ ಈಗ ನೆನೆಯುವುದಿಲ್ಲ, ಶಾಲೆ ನಿಂತಿದೆ.

ಕನ್ನಡನಾಡಿನಲ್ಲಿಯೇ ಇರುವ ದೃಷ್ಟಾಂತ ಹೆಗ್ಗೋಡು. ಸಾಗರ ತಾಲ್ಲೂಕಿನ ಆ ಅಡಿಕೆ ತೋಟಗಳ ಹಳ್ಳಿಯಲ್ಲಿ 1949ರಲ್ಲಿ ಊರವರು ಕೂಡಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿಕೊಂಡರು. ನೀನಾಸಂ ಎಂದು ಅದು ಪ್ರಸಿದ್ಧವಾಯಿತು. ಶಿವರಾಮ ಕಾರಂತರ ಹೆಸರಿನ ರಂಗಮಂದಿರವು ಅಲ್ಲಿ ತೆರೆದುದು 1972ರಲ್ಲಿ, ಸಂಘ ಹುಟ್ಟಿ 23 ವರ್ಷಗಳಾದ ಮೇಲೆ. ರಂಗಶಿಕ್ಷಣ ಕೇಂದ್ರವು 1980ರಲ್ಲಿ. ಇವೆಲ್ಲದರ ಬೆನ್ನೆಲುಬಾಗಿದ್ದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಇಸವಿಗಳನ್ನು ಕ್ರಮವಾಗಿ ಓದಿದವರಿಗೆ ಒಂದು ಸಂಗತಿ ಹೊಳೆಯದಿರದು. ಮೊದಲು ಸಂಘ, ಆಮೇಲೆ ಮಂದಿರ, ಆಮೇಲೆ ಶಾಲೆ, ಕೀರ್ತಿಯು ಎಲ್ಲಕ್ಕಿಂತ ಕೊನೆಗೆ. ಇದನ್ನು ಹಿಂದುಮುಂದು ಮಾಡಿದವರೇ ಹೆಚ್ಚು ಕೆಡುವರು.

ಕೆಡುವುದೂ ಉಂಟೆಂಬುದಕ್ಕೆ ಅಲ್ಮೋರ ಸಾಕ್ಷಿ. ಜಗತ್ತನ್ನೇ ಸುತ್ತಿ ಬಂದ ಉದಯಶಂಕರರು ಹಿಮಾಲಯದ ಮಡಿಲಿನಲ್ಲಿ 1938ರಲ್ಲಿ ಕಲಾಕೇಂದ್ರವನ್ನು ಸ್ಥಾಪಿಸಿದರು. ಗುರುಗಳ ಕೊರತೆಯಿರಲಿಲ್ಲ, ಶಿಷ್ಯರ ಕೊರತೆಯಿರಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಹಣವಿಲ್ಲದೆ ಬಾಗಿಲು ಮುಚ್ಚಿತು. ಅಂತಹ ಕಲಾಕೇಂದ್ರದ ಕನಸನ್ನೇ ಅವರು 1948ರ ಕಲ್ಪನಾ ಎಂಬ ಚಲನಚಿತ್ರದ ಕಥೆಯಾಗಿ ಮಾಡಿಕೊಂಡರು. ನಿಜವಾದ ಮನೆಯು ಚಿತ್ರವಾಗಿ ಉಳಿಯುವುದಕ್ಕಿಂತ, ಚಿತ್ರವು ಮನೆಯಾಗಿ ಉಳಿಯುವುದು ಲೇಸಲ್ಲವೇ?

ಹಾಗಾದರೆ ಬಾಡಿಗೆ ಕೊಠಡಿಯ ಶಾಲೆಯು ಏನು ಮಾಡತಕ್ಕದ್ದು? ಹೊಸದಾಗಿ ಕಟ್ಟುವಷ್ಟು ದ್ರವ್ಯ ಎಲ್ಲಿಂದ ಬಂದೀತು? ಈ ಪ್ರಶ್ನೆಗೆ ಹಳಗಾಲದ ಕನ್ನಡಿಗರು ಉತ್ತರ ಬರೆದಿಟ್ಟಿದ್ದಾರೆ, ಅದೂ ಕಲ್ಲಿನ ಮೇಲೆ. ಶಾಸನಗಳಲ್ಲಿ ದಾನದ ಉದ್ದೇಶವನ್ನು ಹೇಳುವಾಗ ದೇವರ ಅಂಗಭೋಗ ರಂಗಭೋಗಗಳ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಮಾತು ಮತ್ತೆ ಮತ್ತೆ ಬರುವುದು. ಒಡೆದುದು, ಬಿರುಕು ಬಿಟ್ಟುದು, ಹಳತಾದುದು. ಇವುಗಳನ್ನು ಎತ್ತಿ ನಿಲ್ಲಿಸುವುದಕ್ಕೆಂದೇ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಚಾಲುಕ್ಯರ ಕಾಲದ ಗುಡಿಗಳುಳ್ಳ ಕುರುಗೋಡು ಬಳ್ಳಾರಿಗೆ ನೆರೆಯೂರು. ಕಂಬಗಳ ನಡುವಣ ಆ ರಂಗಮಂಟಪಗಳ ತಂಪಿನಲ್ಲಿ ಕುಳಿತವರಿಗೆ ಈ ಮಾತಿನ ಅರ್ಥ ಬೇಗ ತಿಳಿಯುವುದು. ಕಟ್ಟಿಸಿದವನಿಗೆ ಕೀರ್ತಿ ಬಂದಿತು. ಉಳಿಸಿದವನು ಮಾತ್ರ ಹೆಸರಿಲ್ಲದೆ, ಕಿತ್ತುಹೋದ ಒಂದೊಂದು ಕಲ್ಲನ್ನು ಮತ್ತೆ ಒತ್ತಿಟ್ಟು ಹೋದನು.

ಊರಲ್ಲಿ ಹಳೆಯ ಮನೆಗಳಿಗೆ ಬರವಿಲ್ಲ. ಯಾರೋ ಪುಣ್ಯವಂತರು ಮಕ್ಕಳೊಡನೆ ದೂರದ ಪಟ್ಟಣ ಸೇರಿ, ಬೀಗ ಹಾಕಿದ ಮನೆ. ಯಾವುದೋ ಹತ್ತಿಯ ಗೋದಾಮು. ಮುಚ್ಚಿದ ಒಂದು ಪಾಠಶಾಲೆ. ಕಡಮೆ ಬಾಡಿಗೆಗೋ ಧರ್ಮಕ್ಕೋ ಅಂತಹುದೊಂದು ದೊರೆತರೆ ನೃತ್ಯಶಾಲೆಯ ಭಾಗ್ಯ ತೆರೆದಂತೆ. ಆದರೆ ಭರತನು ಹೇಳಿದ ಭೂಮಿಪರೀಕ್ಷೆಯಲ್ಲಿ ಇಲ್ಲಿ ಒಂದು ವಿನೋದವಿದೆ. ಭೂಮಿಯು ಸಮವಾಗಿ, ಸ್ಥಿರವಾಗಿ, ಗಟ್ಟಿಯಾಗಿ, ಕಪ್ಪಾಗಿಯೋ ಬೆಳ್ಳಗಾಗಿಯೋ ಇರಬೇಕೆಂದು ಅವನ ಮತ. ಬಳ್ಳಾರಿ ಸೀಮೆಯ ಎರೆಮಣ್ಣು ಕಪ್ಪು. ಆದರೆ ಸ್ಥಿರವೆಂಬ ಗುಣವನ್ನು ಅದು ಓದಿಲ್ಲ. ಮಳೆಗೆ ಉಬ್ಬಿ, ಬೇಸಗೆಗೆ ಬಿರಿದು, ಮೇಲಿನ ಗೋಡೆಯನ್ನು ಸೀಳಿಬಿಡುವುದು. ಅಂತಹ ಭೂಮಿಯ ಮೇಲಿನ ಮನೆಯಾದರೆ ಬಿರುಕಿಗೆ ಗಾರೆ ಮೆತ್ತಿ ಬಣ್ಣ ಬಳಿಯುವುದರಿಂದ ಪ್ರಯೋಜನವಿಲ್ಲ. ತಳಹದಿಯ ಸುತ್ತ ಮಳೆನೀರು ನಿಲ್ಲದಂತೆ ಚರಂಡಿ ಮಾಡುವುದೇ ಮೊದಲ ಕೆಲಸ. ಹಳೆಯ ಮದರಾಸು ತಾರಸಿಯು ಸೋರುತ್ತಿದ್ದರೆ, ಸುಣ್ಣದ ಗಾರೆಗೆ ಬೆಲ್ಲ ಮತ್ತು ಅಳಲೆಕಾಯಿಯ ನೀರು ಸೇರಿಸಿ ಬಡಿದು ಕೂರಿಸುವ ಮುದಿ ಗಾರೆಯವನನ್ನು ಹುಡುಕಬೇಕು. ಅವನು ಸಿಕ್ಕರೆ ಅರ್ಧ ಕೆಲಸವಾದಂತೆ. ತೊಲೆಯನ್ನು ಗೆದ್ದಲು ಹಿಡಿದಿದೆಯೇ ಎಂದು ಅವನು ಬೆರಳಗೆಣ್ಣಿನಿಂದ ತಟ್ಟಿ ನೋಡಿ ಹೇಳಬಲ್ಲನು. ಮೃದಂಗದವನಿಗೂ ಅವನಿಗೂ ಕಿವಿಯ ವಿದ್ಯೆ ಒಂದೇ.

ಸ್ವಯಂಸೇವಕರ ಕಥೆ ಬೇರೆ. ಮೊದಲನೆಯ ಭಾನುವಾರ ನಲವತ್ತು ಮಂದಿ ಬರುವರು. ಎಲ್ಲರಿಗೂ ಸುಣ್ಣದ ಕುಂಚವೇ ಬೇಕು. ಹಳೆಯ ಗಾರೆಯನ್ನು ಕೆರೆಯುವ ಕೆಲಸ ಯಾರಿಗೂ ಬೇಡ. ಮೂರನೆಯ ಭಾನುವಾರ ಐದು ಮಂದಿ ಉಳಿಯುವರು. ಆ ಐವರಲ್ಲಿ ಒಬ್ಬರು ಮಗಳನ್ನು ಪಾಠಕ್ಕೆ ಕಳುಹಿಸುವ ತಾಯಿ, ಒಬ್ಬನು ಯಾರ ಸಂಬಂಧವೂ ಇಲ್ಲದೆ ಸುಮ್ಮನೆ ಬಂದ ಬಡಗಿ, ಒಬ್ಬರು ನಿವೃತ್ತ ಗುಮಾಸ್ತರು. ಇನ್ನಿಬ್ಬರು ಕಾಲೇಜಿನ ಹುಡುಗರು, ರೊಟ್ಟಿಯ ಮೇಲಿನ ಶೇಂಗಾ ಚಟ್ನಿಗಾಗಿ ಬಂದವರೆಂದು ತಾವೇ ಹೇಳಿಕೊಳ್ಳುವರು. ಶಾಲೆ ನಿಲ್ಲುವುದು ಈ ಐವರಿಂದ. ಆದರೂ ಮೊದಲ ದಿನದ ನಲವತ್ತು ಮಂದಿಯನ್ನು ಹಳಿಯಕೂಡದು. ಅವರು ಊರಿನಲ್ಲಿ ಎಲ್ಲಿ ಹೋದರೂ, ಆ ಗೋಡೆಗೆ ಸುಣ್ಣ ಬಳಿದವರು ತಾವೆಂದು ಹೇಳುವರು. ಆ ಮಾತು ಸಹ ಒಂದು ಬಗೆಯ ವಂತಿಗೆಯೇ.

ದಾನಿಗಳಲ್ಲಿಯೂ ತರತಮವುಂಟು. ಹೆಬ್ಬಾಗಿಲಿಗೆ, ನಾಮಫಲಕಕ್ಕೆ, ಗಾಳಿಪಂಖಕ್ಕೆ ದಾನಿಗಳು ಸುಲಭವಾಗಿ ಸಿಕ್ಕುವರು. ಪಂಖದ ಮೂರು ರೆಕ್ಕೆಗಳ ಮೇಲೂ ಹೆಸರು ಬರೆಸಿದವರಿದ್ದಾರೆ. ವಿದ್ಯುತ್ತು ನಿಂತಾಗ ಮಾತ್ರ ಅದು ಓದಲು ಬರುವುದು. ಬಳ್ಳಾರಿಯ ವೈಶಾಖದಲ್ಲಿ ನಿಂತ ಪಂಖದ ಮೇಲಿನ ಹೆಸರನ್ನು ಓದುವವರ ಮನಸ್ಸಿನಲ್ಲಿ ಯಾವ ಭಾವವು ಹುಟ್ಟುವುದೆಂಬುದನ್ನು ದಾನಿಗಳು ಯೋಚಿಸಿದಂತಿಲ್ಲ. ಇದು ಪರಿಹಾಸ್ಯಕ್ಕೆ ಹೇಳಿದ ಮಾತು. ಹೆಸರಿನ ಆಸೆ ಮನುಷ್ಯಸಹಜವಾದುದು. ಶಾಸನ ಹಾಕಿಸಿದ ಮಹಾಮಂಡಲೇಶ್ವರರಿಗೂ ಅದು ಇತ್ತು. ಆ ಆಸೆಯಿಂದ ಬಂದ ಹಣವೂ ಹಣವೇ. ಪಂಖದ ಗಾಳಿಯು ದಾನಿಯ ಅಹಂಕಾರವನ್ನು ಬೆರೆಸಿಕೊಂಡು ಬೀಸುವುದಿಲ್ಲ.

ಕಷ್ಟ ಬರುವುದು ನೆಲದ ವಿಷಯದಲ್ಲಿ. ಕೂಡಿದ ಹಣ ಇಷ್ಟೇ ಎಂದಾದಾಗ, ಮುಂಭಾಗದ ಕಮಾನೋ ಒಳಗಿನ ಮರದ ನೆಲವೋ ಎಂಬ ಪ್ರಶ್ನೆಯು ಇಂತಹ ಎಲ್ಲ ಸಮಿತಿಗಳಲ್ಲಿಯೂ ಏಳುವುದು. ಕಮಾನಿನ ಪಕ್ಷಕ್ಕೆ ಬಲ ಹೆಚ್ಚು. ಅದು ಬೀದಿಗೆ ಕಾಣುವುದು, ಭಾವಚಿತ್ರದಲ್ಲಿ ಬರುವುದು, ಉದ್ಘಾಟನೆಗೆ ಬಂದ ಗಣ್ಯರು ಅದರ ಕೆಳಗೆ ನಿಲ್ಲಬಹುದು. ನೆಲದ ಪಕ್ಷಕ್ಕೆ ಅಧ್ಯಾಪಿಕೆಯೊಬ್ಬಳೇ. ಹಲಗೆಯ ಅಡಿಯ ಪಟ್ಟಿಗಳನ್ನು ಯಾರೂ ಕಾಣರು. ಅದರ ಮೇಲೆ ಹೆಸರು ಬರೆಯಲು ಸ್ಥಳವಿಲ್ಲ. ಬರೆದರೂ ಮಕ್ಕಳು ತುಳಿಯುವರು. ಕುಣಿಯಲು ಬಂದರೆ ಯಾವ ನೆಲವಾದರೇನು ಎಂದು ಸದಸ್ಯರೊಬ್ಬರು ಹೇಳದಿರರು. ಅಲ್ಲಿಗೆ ಹಳೆಯ ಗಾದೆಯು ಸಭೆಯೊಳಗೆ ಬಂದು ಕುಳಿತಂತಾಯಿತು.

ಇಂತಹ ಗಳಿಗೆಯಲ್ಲಿಯೇ ಊರಿನ ಸಂಸ್ಕಾರಕ್ಕೆ ಪರೀಕ್ಷೆ. ಹಂಪೆಯ ಅರಸನು ಚಿನ್ನವನ್ನು ನೋಡುವವನ ಕಡೆಗೆ ಹಾಕಿಸಿದನು. ಕಮಾನು ಕಟ್ಟಿಸುವವರು ಮಾಡುವುದೂ ಅದನ್ನೇ, ಚಿನ್ನಕ್ಕೆ ಬದಲು ಸಿಮೆಂಟು. ಕುಣಿಯುವವಳ ಕಾಲಿನ ಕೆಳಗೆ ಹಣವನ್ನು ಹಾಕಿದಾಗಲೇ ಶಾಲೆಯು ಪ್ರೇಕ್ಷಕರದಾಗಿರದೆ ಕಲಿಯುವವರದಾಗುವುದು. ಐನೂರು ವರ್ಷಗಳ ಕಾಲ ಅವಳು ಅರಸನಿಗಾಗಿ, ಗುಡಿಗಾಗಿ, ಶ್ರೀಮಂತರ ಮದುವೆಗಳಿಗಾಗಿ ಕುಣಿದಳು. ಅವಳ ಮೊಣಕಾಲು ನೋಯುವುದೇ ಎಂದು ಕೇಳಿದವರು ಯಾರು? ಮರದ ನೆಲವೆಂಬುದು ಆ ಪ್ರಶ್ನೆಯನ್ನು ಕೇಳುವ ಒಂದು ರೀತಿ. ಮಗಳನ್ನು ನೃತ್ಯಕ್ಕೆ ಕಳುಹಿಸುವ ಇಂದಿನ ತಂದೆತಾಯಿಗಳು, ರಂಗಪ್ರವೇಶದ ದಿನ ಸಭಾಂಗಣದ ಪುಷ್ಪಾಲಂಕಾರಕ್ಕೆ ಸುರಿಯುವ ಹಣದ ಒಂದು ಪಾಲನ್ನು ಆ ನೆಲಕ್ಕೆ ಕೊಟ್ಟರೆ, ಹೂವಿನಂತೆ ಅದು ಮಾರನೆಯ ದಿನವೇ ಬಾಡುವುದಿಲ್ಲ.

ಮರದ ನೆಲಕ್ಕೆ ಸಾಲದಿದ್ದರೆ ಹಾದಿ ಮುಚ್ಚಿತೆಂದಲ್ಲ. ಮಣ್ಣಿನ ನೆಲ ಕಾಲಿಗೆ ಹಿತವಾದುದು. ಕೇರಳದ ಕಳರಿಗಳಲ್ಲಿ ಇಂದಿಗೂ ಅದೇ ಇದೆ. ಕಲ್ಲಿನ ನೆಲವಿದ್ದರೆ ಅದರ ಮೇಲೆ ದಪ್ಪ ರಬ್ಬರಿನ ಹಾಸು, ಮೇಲೆ ಹಲಗೆ, ಅಷ್ಟಾದರೂ ಆಗಬಹುದು. ಇದ್ದುದರಲ್ಲಿ ಯಾವುದು ಮೊದಲು ಎಂಬ ವಿವೇಕವೇ ಮುಖ್ಯ. ಮೊದಲು ನೀರು ಬಾರದ ಮಾಡು, ಎರಡನೆಯದು ಕಾಲಿಗೆ ತಕ್ಕ ನೆಲ, ಮೂರನೆಯದು ಹುಡುಗಿಯರಿಗೆ ಬಾಗಿಲು ಭದ್ರವಾದ ಒಂದು ಬಟ್ಟೆ ಬದಲಿಸುವ ಕೋಣೆ. ಕನ್ನಡಿ ನಾಲ್ಕನೆಯದು. ಕಮಾನಿಗೆ ಮೊಮ್ಮಕ್ಕಳ ಕಾಲವೂ ಇದೆ.

ಇನ್ನು ಲೆಕ್ಕ. ವಂತಿಗೆ ಕೊಟ್ಟವರ ಹೆಸರು, ಕೊಟ್ಟ ಮೊತ್ತ, ಖರ್ಚಾದ ಬಗೆ, ಇವನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಸುವ ಶಾಲೆಗೆ ಎರಡನೆಯ ಸಾರಿ ಕೇಳುವ ಮುಖವಿರುವುದು. ಎರಡನೆಯ ಸಾರಿ ಕೇಳಲೇಬೇಕಾಗುವುದು. ಕಟ್ಟಡವೆಂಬುದು ಹಸುವಿದ್ದಂತೆ, ದಾನ ಕೊಟ್ಟವನು ಹೋದ ಮೇಲೂ ದಿನದಿನ ಮೇವು ಬೇಡುವುದು. ಅಲ್ಮೋರ ಮುಚ್ಚಿದುದು ಗೋಡೆ ಬಿದ್ದುದರಿಂದಲ್ಲ, ಮೇವು ತೀರಿದುದರಿಂದ. ಶಾಸನಕಾರರು ಜೀರ್ಣೋದ್ಧಾರಕ್ಕೆ ಒಂದು ಬಾರಿಯ ಹಣವನ್ನು ಕೊಡದೆ, ವರ್ಷವರ್ಷವೂ ಬೆಳೆ ಬರುವ ಭೂಮಿಯನ್ನು ಬಿಟ್ಟುದರ ಜಾಣತನವು ಇಲ್ಲಿ ಅರಿವಾಗುವುದು. ನೂರು ಮನೆಗಳು ತಿಂಗಳಿಗೆ ಸ್ವಲ್ಪ ಸ್ವಲ್ಪ ಕೊಡುವುದು ಒಂದು ಮನೆಯು ಒಮ್ಮೆಗ ಕೊಡುವುದಕ್ಕಿಂತ ಗಟ್ಟಿ. ಒಬ್ಬನ ಛತ್ರಿ ಮುಚ್ಚಿದರೂ ತೊಂಬತ್ತೊಂಬತ್ತು ತೆರೆದಿರುವುವು.

ಬಡಗಿಯು ಕೊನೆಯ ಹಲಗೆಯನ್ನು ಕೂರಿಸಿ, ಮಟ್ಟಗೋಲನ್ನು ಇಟ್ಟು ನೋಡಿ, ಸರಿಯಿದೆ ಎಂದು ತಲೆಯಾಡಿಸಿದ ದಿನ ಯಾವ ಗಣ್ಯರೂ ಇರುವುದಿಲ್ಲ. ಪಾಠಕ್ಕೆ ಬಂದ ಒಂದು ಮಗು ಹೊಸ ನೆಲವನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಕಾಲನ್ನೆತ್ತಿ ಒಂದು ಸಾರಿ ಇಡುವುದು. ಸದ್ದು ಬೇರೆಯಾಗಿ ಕೇಳುವುದು; ಬಂಡೆಯ ಸದ್ದಲ್ಲ, ಮದ್ದಳೆಯ ಸದ್ದು. ಅಂದಿನಿಂದ ಆ ಊರಿನಲ್ಲಿ ಹಳೆಯ ಗಾದೆಯನ್ನು ನಿರ್ಭಯವಾಗಿ ಬಳಸಬಹುದು. ಕುಣಿಯುವವಳಿಗೆ ಇನ್ನು ನೆಪವಿಲ್ಲ, ಊರಿಗೂ ಇಲ್ಲ.